ಉ: ಹೊಸ ಎಸಿ, ಮೂರೇ ತಿಂಗಳಿಗೆ ಕೂಲಿಂಗ್ ಇಲ್ಲ, ಗ್ಯಾಸ್ ತುಂಬಿಸಿದ್ರೆ ಸಾಕಾ?

ಸರ್, ಒಂದೂವರೆ ಟನ್ ಸ್ಪ್ಲಿಟ್ ಹಾಕ್ಸಿ ಮೂರು ತಿಂಗಳಿಗೇ ಕೂಲಿಂಗ್ ಹೋಯ್ತು ಅಂದ್ರಲ್ಲ, ಬರೀ ಗ್ಯಾಸ್ ತುಂಬಿಸಿದ್ರೆ ಸಾಕಾಗಲ್ಲ. ಅದು ಪೆಟ್ರೋಲ್ ಥರ ಖರ್ಚಾಗೋದಲ್ಲ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಲೀಕ್ ಇದೆ, ಹೊಸ ಎಸಿಲಿ ಮೊದ್ಲು ನೋಡ್ಬೇಕಾಗಿರೋದು ಫ್ಲೇರ್ ಜಾಯಿಂಟ್, ಅಂದ್ರೆ ತಾಮ್ರದ ಪೈಪಿನ ಬಾಯಿ ಅಗಲ ಮಾಡಿ ನಟ್ ಹಾಕಿ ಬಿಗಿದಿರೋ ಜಾಗ. ನಟ್ ಹತ್ರ ಎಣ್ಣೆ ಜಿಡ್ಡು ಕಂಡ್ರೆ ಹೆಚ್ಚುಕಮ್ಮಿ ಅಲ್ಲೇ, ಡೌಟ್ ಇದ್ರೆ ನೈಟ್ರೋಜನ್ ಪ್ರೆಶರ್ ಕೊಟ್ಟು ಸೋಪ್ ನೀರು ಹಚ್ಚಿ ನೋಡೋಕೆ ಹೇಳಿ.

ನಮ್ಮನೇಲೂ ಹಿಂಗೇ ಆಗಿತ್ತು, ನಟ್ ಬಿಚ್ಚಿ ನೋಡಿದ್ರೆ ತಾಮ್ರದ ಪೈಪಿನ ಬಾಯಿ ಒಂದು ಕಡೆ ಕೂದಲೆಳೆಯಷ್ಟು ಸೀಳಿತ್ತು, ಎಸಿ ಹಾಕೋಕೆ ಬಂದಿದ್ದ ಹುಡುಗ ಪೈಪ್ ಕಟ್ ಮಾಡಿದ್ಮೇಲೆ ಒಳಗಿನ ಬರ್ (ಕತ್ತರಿಸಿದ ಅಂಚಲ್ಲಿ ಉಳಿಯೋ ಚೂಪು ಚೂರು) ತೆಗೆದೇ ಇರ್ಲಿಲ್ಲ. ಅಂಥದ್ದನ್ನ ಎಷ್ಟು ಬಿಗಿದ್ರೂ ನಿಲ್ಲಲ್ಲ, ಕತ್ತರಿಸಿ ಹೊಸ ಫ್ಲೇರ್ ಮಾಡಿಸ್ಲೇಬೇಕು. ಬಿಗಿಯೋವಾಗ ಎರಡು ಸ್ಪ್ಯಾನರ್ ಹಿಡೀಬೇಕು, ಇಲ್ಲಾಂದ್ರೆ ಪೈಪೇ ತಿರುಚಿಕೊಳ್ಳತ್ತೆ. ಕಾಲು ಇಂಚಿನ ಪೈಪಿಗೆ ಸುಮಾರು 15 ನ್ಯೂಟನ್ ಮೀಟರ್ (ನಟ್ ಬಿಗಿಯೋ ಬಲದ ಅಳತೆ) ಸಾಕು, ಅರ್ಧ ಇಂಚಿಗೆ 50-55, ನಮ್ಮವ್ರು ಮೈಯೆಲ್ಲಾ ಬಲ ಹಾಕಿ ತಿರುಗಿಸ್ತಾರೆ ಅದೇ ಪ್ರಾಬ್ಲಮ್ಮು.

ಆಮೇಲೆ ರಿಪೇರಿಯವನು ವ್ಯಾಕ್ಯೂಮ್ ಪಂಪ್ (ಪೈಪೊಳಗಿನ ಗಾಳಿ, ತೇವ ಎಳೆದು ತೆಗೆಯೋ ಪಂಪ್) ತಂದಿದಾನಾ ಕೇಳಿ. ಒಂಚೂರು ಗ್ಯಾಸ್ ಬಿಟ್ಟು ಗಾಳಿ ಓಡಿಸ್ತೀನಿ ಅಂದ್ರೆ ಒಪ್ಬೇಡಿ, ಪೈಪಲ್ಲಿ ತೇವ ಉಳಿದ್ರೆ ಕಂಪ್ರೆಸರಿಗೇ ಏಟು, ಜೊತೆಗೆ ನಿಮ್ಮ ಎಸಿಲಿರೋದು ಆರ್32 ಅನ್ನೋ ಗ್ಯಾಸ್ ಆದ್ರೆ ಅದು ಬೆಂಕಿ ಹಿಡಿಯೋ ಗ್ಯಾಸ್ ಬೇರೆ. ತುಂಬೋದೂ ಅಷ್ಟೇ, ತೂಕ ಮಾಡಿ ತುಂಬ್ಲಿ.