ಆ ಏದುಸಿರಿಗೆ ಒಂದೇ ಸಾಲೇ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಯಸ್ಸು 38, ಗರ್ಭಕೋಶದಲ್ಲಿ 5 ಸೆಂಟಿಮೀಟರಿನ ಫೈಬ್ರಾಯ್ಡ್, ಅಂದರೆ ಸ್ನಾಯುವಿನ ಗಡ್ಡೆ; ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ ಬರೀ 11 ನ್ಯಾನೋಗ್ರಾಂ. ವೈದ್ಯೆ ವಾರಕ್ಕೊಂದು ಗುಳಿಗೆ ಬರೆದುಕೊಟ್ಟರು. ‘ದಿನಾ ತಗೋ, ಗಡ್ಡೆ ಕರಗುತ್ತೆ’ ಎಂದು ಅತ್ತಿಗೆ ಹೇಳಿದ್ದಕ್ಕೆ ಮೂರು ವಾರದಿಂದ ದಿನಾ ನುಂಗುತ್ತಿದ್ದೀರಿ. ಗರ್ಭಕೋಶ ತೆಗೆಸಿಬಿಡು ಅನ್ನುತ್ತಾರೆ ಯಜಮಾನರು. ಯಾರ ಮಾತು ಕೇಳಲಿ ಎಂದು ನಿಮ್ಮ ಪ್ರಶ್ನೆ.

ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯಲ್ಲಿ ಬರೆದ ಸಾಲು: ‘ಮುಟ್ಟು ಒಂಬತ್ತು ದಿನ ಇರುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು, ಈಗ ಅಭ್ಯಾಸವಾಗಿದೆ.’ ಅಭ್ಯಾಸವೇ? ತಿಂಗಳು ತಿಂಗಳೂ ಅಷ್ಟು ರಕ್ತ ಹೋದರೆ ದೇಹದ ಕಬ್ಬಿಣದ ದಾಸ್ತಾನು ಬರಿದಾಗುತ್ತದೆ; ಏದುಸಿರು ಅದರ ಕೂಗು ಇರಬಹುದು. ಮುಟ್ಟಿನ ಕಷ್ಟವನ್ನು ನುಂಗಿಕೊಂಡಿರಬೇಕು ಅನ್ನುವ ಪಾಠವನ್ನು ನಾನು ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೋ, ಇವತ್ತೂ ಬೈಯುತ್ತೇನೆ.

ವಿಟಮಿನ್ ಡಿಗೂ ಫೈಬ್ರಾಯ್ಡಿಗೂ ನಂಟು ಕಂಡುಬಂದಿರುವುದು ನಿಜ. ಅಮೆರಿಕದ ವಾಷಿಂಗ್ಟನ್‌ನಲ್ಲಿ 35ರಿಂದ 49 ವಯಸ್ಸಿನ ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವಿಟಮಿನ್ ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದ್ದವರಲ್ಲಿ ಫೈಬ್ರಾಯ್ಡ್ ಇರುವ ಸಂಭವ ಶೇ 32ರಷ್ಟು ಕಡಿಮೆಯಿತ್ತು. ಪ್ರಯೋಗಾಲಯದಲ್ಲೂ ಅದು ಗಡ್ಡೆಯ ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕಿದೆ. ಹಾಗೆಂದು 5 ಸೆಂಟಿಮೀಟರಿನ ಗಡ್ಡೆಯನ್ನು ಅದು ಕರಗಿಸಿಬಿಡುತ್ತದೆ ಎಂದು ಸಾಬೀತಾಗಿಲ್ಲ. ಕೊರತೆ ನೀಗಲು ಗುಳಿಗೆ ಬೇಕು, ವೈದ್ಯೆ ಹೇಳಿದಷ್ಟೇ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಅತ್ತಿಗೆಯವರ ಪ್ರೀತಿ ದೊಡ್ಡದಿರಬಹುದು, ಆದರೆ ಇನ್ನೊಬ್ಬರ ಔಷಧದ ಪ್ರಮಾಣ ಬದಲಿಸಿದ್ದನ್ನು ನಾನು ಮನ್ನಿಸಲಾರೆ.

ಯಜಮಾನರ ಅವಸರವೂ ಬೇಡ. ಫೈಬ್ರಾಯ್ಡ್ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಗಾತ್ರವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ, ಅದು ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ಒಳಪದರಕ್ಕೆ ಚಾಚಿದ ಸಣ್ಣ ಗಡ್ಡೆಯೂ ಧಾರಾಳ ರಕ್ತಸ್ರಾವ ತರಬಲ್ಲದು. ಗರ್ಭಕೋಶ ಉಳಿಸಿಕೊಂಡೇ ಮಾಡುವ ಚಿಕಿತ್ಸೆಗಳೂ ಇವೆ.

ಈಗ ಮಾಡಬೇಕಾದ್ದು ಒಂದೇ. ದಿನದ ಗುಳಿಗೆ ಇವತ್ತೇ ನಿಲ್ಲಿಸಿ, ನಾಳೆಯೇ ವೈದ್ಯೆಯ ಬಳಿ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸುವುದು), ಕ್ಯಾಲ್ಸಿಯಂ ಪರೀಕ್ಷೆ ಕೇಳಿ. ಕೂತ ತಕ್ಷಣ ಗಡ್ಡೆಯ ವಿಷಯ ಎತ್ತಬೇಡಿ. ಒಂಬತ್ತು ದಿನ, ಏದುಸಿರು, ಮೂರು ವಾರದ ಗುಳಿಗೆ, ಇವನ್ನು ಮೊದಲು ಹೇಳಿ.