ಕೌಂಟಿ ಕೋರ್ಟಿನಿಂದ ಕಾಗದ ಬಂದಿದೆ, ಏನು ಮಾಡೋದು?

ಈ ಸಲ ಬಂದ ಪತ್ರಗಳಲ್ಲಿ ಮೂರು ಟೆಕ್ಸಾಸ್ ಕೋರ್ಟುಗಳಿಗೆ ಸಂಬಂಧಪಟ್ಟವು. ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾನು ಮೊದಲು ನಮ್ಮ ಕಡೆ ತಾಲ್ಲೂಕು ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡಿದವನು, ಆಮೇಲೆ ಇಲ್ಲಿ ಬಂದು ಮತ್ತೆ ಓದಿ ವಕೀಲನಾದವನು. ಹಾಗಾಗಿ ಎರಡೂ ಕಡೆಯ ಪದಗಳು ಬೆರೆತು ಬರುತ್ತವೆ, ಸಹಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗ ಟೆಕ್ಸಾಸಿನ ಫ್ರಿಸ್ಕೊದಲ್ಲಿದ್ದಾನೆ. ಎಚ್-1ಬಿ ವೀಸಾ. ಹೋದ ವಾರ ಕೌಂಟಿ ಕೋರ್ಟಿನಿಂದ ಸಮನ್ಸ್ ಬಂದಿದೆಯಂತೆ. "ಏನೂ ಇಲ್ಲಮ್ಮ, ಜ್ಯೂರಿಗೆ ಕರೆದಿದ್ದಾರೆ" ಅಂತಾನೆ. ಏನೂ ಇಲ್ಲದೆ ಯಾರಿಗಾದರೂ ಸಮನ್ಸ್ ಬರುತ್ತದಾ ಸರ್? ಅಷ್ಟಕ್ಕೂ ಈ ಕೌಂಟಿ ಕೋರ್ಟ್ ಅಂದರೆ ನಮ್ಮ ತಾಲ್ಲೂಕು ಕೋರ್ಟಾ, ಜಿಲ್ಲಾ ಕೋರ್ಟಾ?
– ಓದುಗರು, ಅರಸೀಕೆರೆ

ಅಮ್ಮಾ, ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ನಮ್ಮಲ್ಲಿ ಸಮನ್ಸ್ ಅಂದರೆ ಅಮೀನರು ಮನೆ ಬಾಗಿಲಿಗೆ ಬಂದು, ಅಕ್ಕಪಕ್ಕದವರೆಲ್ಲ ಇಣುಕಿ ನೋಡುವಾಗ ಸಹಿ ಹಾಕಿಸಿಕೊಂಡು ಹೋಗುವ ಕಾಗದ. ಜ್ಯೂರಿ ಸಮನ್ಸ್ ಅಂಥದ್ದಲ್ಲ. ಅದು ಕರೆಂಟ್ ಬಿಲ್ಲಿನ ಜೊತೆ ಅಂಚೆ ಡಬ್ಬಿಗೆ ಬಂದು ಬೀಳುತ್ತದೆ. ಯಾರದೋ ಕೇಸು ಕೇಳಿ ತೀರ್ಪು ಹೇಳಲು ಊರಿನ ಜನರನ್ನೇ ಕೂರಿಸುತ್ತಾರಲ್ಲ, ಅದಕ್ಕೆ ಕರೆ.

ಪ್ರಜೆಯಲ್ಲದವನಿಗೆ ಯಾಕೆ ಬಂತು? ಹೆಸರುಗಳನ್ನು ಮತದಾರರ ಪಟ್ಟಿಯಿಂದ ಮಾತ್ರವಲ್ಲ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಎತ್ತುತ್ತಾರೆ. ಲೈಸೆನ್ಸ್ ಇದ್ದವರಿಗೆಲ್ಲ ಒಂದಲ್ಲ ಒಂದು ದಿನ ಈ ಕಾಗದ ಬರಬಹುದು.

ಆದರೆ ಬಿಸಾಡುವ ಹಾಗಿಲ್ಲ. ಉತ್ತರ ಕೊಡದಿದ್ದರೆ ದಂಡ ಬೀಳಬಹುದು. ಅದರಲ್ಲೇ ಒಂದು ಪ್ರಶ್ನಾವಳಿ ಇರುತ್ತದೆ, ಈಗ ಆನ್‌ಲೈನಿನಲ್ಲೂ ತುಂಬಬಹುದು. "ನಾನು ಅಮೆರಿಕದ ಪ್ರಜೆ ಅಲ್ಲ" ಅನ್ನುವ ಕಡೆ ಗುರುತು ಹಾಕಿ, ಸಹಿ ಮಾಡಿ, ಕೊಟ್ಟಿರುವ ದಿನದೊಳಗೆ ಕಳಿಸಲು ಹೇಳಿ. ಅಷ್ಟೇ ಕೆಲಸ. ಕುತೂಹಲಕ್ಕೆ "ಪ್ರಜೆ ಹೌದು" ಅಂತ ತುಂಬಿ ಹೋಗಿ ಕೂತರೆ ಮಾತ್ರ ದೊಡ್ಡ ಅನಾಹುತ. ಸುಳ್ಳು ಪೌರತ್ವ ಹೇಳಿಕೊಂಡ ಆರೋಪ ವಲಸೆ ಕಾನೂನಿನಲ್ಲಿ ಕ್ಷಮೆ ಸಿಗದಂಥ ತಪ್ಪುಗಳ ಸಾಲಿಗೆ ಸೇರುತ್ತದೆ. ಮುಂದೆ ಗ್ರೀನ್ ಕಾರ್ಡಿಗೇ ಅಡ್ಡ ಬರುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇದು ಚೆನ್ನಾಗಿದೆ, ಯಾಕೆಂದರೆ ಉತ್ತರ "ಎರಡೂ ಅಲ್ಲ".

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ ರಾಜ್ಯದ ಒಂದು ಭಾಗ. ಟೆಕ್ಸಾಸಿನಲ್ಲಿ 254 ಕೌಂಟಿಗಳಿವೆ. 2020ರ ಜನಗಣತಿಯಲ್ಲಿ ಲವಿಂಗ್ ಕೌಂಟಿಯಲ್ಲಿ ಇದ್ದವರು 64 ಜನ. ನಮ್ಮ ಒಂದು ಮದುವೆ ಬಸ್ಸಿಗೆ ಆಗುವಷ್ಟು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 47 ಲಕ್ಷ. ಇಬ್ಬರಿಗೂ ಕೌಂಟಿ ಕೋರ್ಟ್ ಇರಲೇಬೇಕು ಅಂತ ರಾಜ್ಯದ ಸಂವಿಧಾನ ಹೇಳುತ್ತದೆ. ಅದು 1876ರದ್ದು, ಕುದುರೆ ಗಾಡಿಯ ಕಾಲದ್ದು. ಹಾಗಾಗಿ ಹೆಸರು ಒಂದೇ, ಒಳಗಿನ ಕೆಲಸ ಬೇರೆ ಬೇರೆ.

ಎಲ್ಲಕ್ಕಿಂತ ಕೆಳಗೆ, ಜನರಿಗೆ ಹತ್ತಿರ ಇರುವುದು ಜಸ್ಟೀಸ್ ಆಫ್ ದಿ ಪೀಸ್ ಕೋರ್ಟ್. ಎಲ್ಲರೂ ಜೆಪಿ ಕೋರ್ಟ್ ಅಂತಾರೆ. ಕೌಂಟಿಯನ್ನು ಪ್ರಿಸಿಂಕ್ಟ್ ಅಂತ ಹೋಬಳಿ ಥರ ಭಾಗ ಮಾಡಿರುತ್ತಾರೆ, ಅವುಗಳಿಗೆ ಇವರು. ಬಾಡಿಗೆ ಮನೆ ಖಾಲಿ ಮಾಡಿಸುವ ಕೇಸು, 20 ಸಾವಿರ ಡಾಲರ್ ತನಕದ ಹಣದ ಜಗಳ, ಬರೀ ದಂಡ ಹಾಕಿ ಬಿಡುವ ಸಣ್ಣ ಅಪರಾಧಗಳು ಇಲ್ಲಿ ನಡೆಯುತ್ತವೆ. ಊರೊಳಗಿನ ಟ್ರಾಫಿಕ್ ಚೀಟಿಗಳಿಗೆ ನಗರದ್ದೇ ಮುನಿಸಿಪಲ್ ಕೋರ್ಟ್ ಬೇರೆ ಇದೆ.

ಅದರ ಮೇಲೆ ಕೌಂಟಿ ಕೋರ್ಟ್. ಇದರ ಯಜಮಾನರಿಗೆ ಕೌಂಟಿ ಜಡ್ಜ್ ಅಂತ ಹೆಸರು. ಅವರು ವಕೀಲಿಕೆ ಓದಿರಲೇಬೇಕು ಅಂತಿಲ್ಲ! ರಾಜ್ಯದ ಕಾನೂನಿನ ತಿಳಿವಳಿಕೆ ಚೆನ್ನಾಗಿರಬೇಕು, ಅಷ್ಟೇ ಸಂವಿಧಾನದ ಮಾತು. ಇವರೇ ನಾಲ್ಕು ಜನ ಕಮಿಷನರುಗಳ ಜೊತೆ ಕೂತು ರಸ್ತೆ, ಬಜೆಟ್, ತೆರಿಗೆ ತೀರ್ಮಾನಿಸುತ್ತಾರೆ. ಆ ಸಭೆಯ ಹೆಸರು ಕಮಿಷನರ್ಸ್ ಕೋರ್ಟ್. ಕೋರ್ಟ್ ಅಂತ ಹೆಸರಿದ್ದರೂ ಅದು ಕೋರ್ಟಲ್ಲ, ನಮ್ಮ ಜಿಲ್ಲಾ ಪಂಚಾಯಿತಿ ಇದ್ದ ಹಾಗೆ. ನಾನು ಬಂದ ಹೊಸದರಲ್ಲಿ ಇದು ತಲೆಗೆ ಹೋಗಲು ತಿಂಗಳು ಹಿಡಿಯಿತು.

ದೊಡ್ಡ ಕೌಂಟಿಗಳಲ್ಲಿ ಕೌಂಟಿ ಜಡ್ಜಿಗೆ ಆಡಳಿತವೇ ಹೊರೆ. ಕೇಸು ಕೇಳಲು ಕೌಂಟಿ ಕೋರ್ಟ್ ಅಟ್ ಲಾ ಅಂತ ಬೇರೆ ಕೋರ್ಟುಗಳನ್ನು ಮಾಡಿದ್ದಾರೆ. ಇಲ್ಲಿ ಜಡ್ಜ್ ವಕೀಲರಾಗಿರಲೇಬೇಕು. ಜೈಲಿಗೆ ಕಳಿಸಬಹುದಾದ, ಆದರೆ ಒಂದು ವರ್ಷ ದಾಟದ ಅಪರಾಧಗಳು, ಜೆಪಿ ಕೋರ್ಟಿನಿಂದ ಬಂದ ಅಪೀಲುಗಳು, ಹಲವು ಕಡೆ ಉಯಿಲಿನ ವಿಷಯಗಳು ಇಲ್ಲಿಗೆ ಬರುತ್ತವೆ. ಕೊಲೆ, ದರೋಡೆ, ಜಮೀನಿನ ಹಕ್ಕು ಡಿಸ್ಟ್ರಿಕ್ಟ್ ಕೋರ್ಟಿಗೆ. ಸಾಮಾನ್ಯವಾಗಿ ಡೈವೋರ್ಸ್ ಕೂಡ ಅಲ್ಲಿಗೇ. ಹೆಸರು ನೋಡಿ ನಮ್ಮ ಜಿಲ್ಲಾ ಕೋರ್ಟಿನಂತೆ ಅಪೀಲು ಕೇಳುವ ಜಾಗ ಅಂದುಕೊಳ್ಳಬೇಡಿ. ಕೌಂಟಿ ಕೋರ್ಟಿನ ತೀರ್ಪು ಒಪ್ಪಿಗೆಯಾಗದಿದ್ದರೆ ಡಿಸ್ಟ್ರಿಕ್ಟ್ ಕೋರ್ಟನ್ನು ಬಿಟ್ಟು ನೇರವಾಗಿ ಕೋರ್ಟ್ ಆಫ್ ಅಪೀಲ್ಸಿಗೆ ಹೋಗುತ್ತಾರೆ.

ಈ ಜಡ್ಜುಗಳೆಲ್ಲ ಚುನಾವಣೆಯಲ್ಲಿ ಗೆದ್ದು ಬಂದವರು, ಅದೂ ಪಕ್ಷದ ಹೆಸರಿನಲ್ಲಿ. ಮುನಿಸಿಪಲ್ ಜಡ್ಜುಗಳನ್ನು ಮಾತ್ರ ಹೆಚ್ಚಾಗಿ ನಗರವೇ ನೇಮಿಸುತ್ತದೆ. ಜಡ್ಜ್ ಆಗಲು ಹೊರಟವರು ರಸ್ತೆ ಬದಿಯಲ್ಲಿ ಬೋರ್ಡ್ ನೆಡುವುದನ್ನು ನೋಡಿದರೆ ನನಗೆ ಈಗಲೂ ಮುಜುಗರ.

ಒಂದು ಮಾತು ಮಗನಿಗೆ ಹೇಳಿ. ಫ್ರಿಸ್ಕೊ ಊರು ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಕಾಗದದ ತಲೆಯ ಮೇಲೆ ಯಾವ ಕೌಂಟಿ, ಯಾವ ಕೋರ್ಟ್ ಅಂತಿದೆ ನೋಡಿಯೇ ಉತ್ತರ ಕಳಿಸಲಿ.

ಪ್ರಶ್ನೆ: ಅರ್ವಿಂಗಿನಲ್ಲಿ ಅಪಾರ್ಟ್‌ಮೆಂಟ್ ಖಾಲಿ ಮಾಡಿ ಎರಡು ತಿಂಗಳಾಯಿತು. 1,400 ಡಾಲರ್ ಡೆಪಾಸಿಟ್ ವಾಪಸ್ ಕೊಟ್ಟಿಲ್ಲ. ಕೇಳಿದರೆ "ಕಾರ್ಪೆಟ್ ಹಾಳಾಗಿದೆ" ಅಂತಾರೆ, ಲೆಕ್ಕ ಕೊಡಲ್ಲ. ಇಷ್ಟು ಸಣ್ಣ ಹಣಕ್ಕೆ ವಕೀಲರು ಸಿಗುತ್ತಾರಾ ಅಣ್ಣಾ?
– ಮಂಡ್ಯದ ಹುಡುಗ, ಈಗ ಡಲ್ಲಾಸ್ ಕೌಂಟಿ

ಸಿಗೋದು ಕಷ್ಟ ತಮ್ಮಾ. ಬೇಕಾಗಿಯೂ ಇಲ್ಲ. ಇದು ಜೆಪಿ ಕೋರ್ಟಿಗೆಂದೇ ಹೊಲಿಸಿದಂಥ ಕೇಸು.

ಮೊದಲು ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಹೊಸ ವಿಳಾಸವನ್ನು ಮಾಲೀಕರಿಗೆ ಬರಹದಲ್ಲಿ ಕೊಟ್ಟಿದ್ದೀರಾ? ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಮನೆ ಬಿಟ್ಟ 30 ದಿನದೊಳಗೆ ಡೆಪಾಸಿಟ್ ಅಥವಾ ಯಾವುದಕ್ಕೆ ಎಷ್ಟು ಹಿಡಿದುಕೊಂಡರು ಅನ್ನುವ ಪಟ್ಟಿ ಕೊಡಬೇಕು ಅಂತ ಟೆಕ್ಸಾಸ್ ಕಾನೂನು ಹೇಳುತ್ತದೆ. ಆದರೆ ವಿಳಾಸ ಬರಹದಲ್ಲಿ ಸಿಗುವ ತನಕ ಅವರ ಮೇಲೆ ಆ ಹೊಣೆ ಬರಲ್ಲ. ಕೊಟ್ಟಿಲ್ಲ ಅಂದರೆ ಇವತ್ತೇ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ದಿನ ನಡೆದಾಡಿ ಸವೆದ ಕಾರ್ಪೆಟ್ಟಿಗೆ ಹಣ ಹಿಡಿಯುವ ಹಾಗಿಲ್ಲ, ನೀವು ಸುಟ್ಟಿದ್ದೋ ಹರಿದಿದ್ದೋ ಇದ್ದರೆ ಬೇರೆ ಮಾತು. ಬೇಕೆಂದೇ ಹಿಡಿದುಕೊಂಡರು ಅಂತ ಸಾಬೀತಾದರೆ, ತಪ್ಪಾಗಿ ಹಿಡಿದ ಮೊತ್ತದ ಮೂರರಷ್ಟು ಮತ್ತು ಮೇಲೆ 100 ಡಾಲರ್ ಕೊಡಬೇಕಾಗುತ್ತದೆ. ಈ ಸಾಲನ್ನು ನಿಮ್ಮ ಪತ್ರದಲ್ಲಿ ಬರೆಯಿರಿ. ಎಷ್ಟೋ ಸಲ ಅಲ್ಲಿಗೇ ಚೆಕ್ ಬರುತ್ತದೆ.

ಬರದಿದ್ದರೆ ದಾವೆ ಹಾಕಿ. ಆ ಮನೆ ಯಾವ ಪ್ರಿಸಿಂಕ್ಟಿನಲ್ಲಿದೆಯೋ ಅಲ್ಲಿನ ಜೆಪಿ ಕೋರ್ಟ್. ನಾನೇ ಮೊದಲ ವರ್ಷ ತಪ್ಪು ಪ್ರಿಸಿಂಕ್ಟಿಗೆ ಹೋಗಿ ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ದೆ, ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಕಕ್ಷಿದಾರರ ಹೆಸರು ಹುಡುಕುತ್ತಾ. ಫೈಲಿಂಗ್ ಫೀ 54 ಡಾಲರ್, ಎದುರಾಳಿಗೆ ಕಾಗದ ಮುಟ್ಟಿಸಲು ಬೇರೆ ಹಣ. ಮುಟ್ಟಿಸುವವರು ಹೆಚ್ಚಾಗಿ ಕಾನ್‌ಸ್ಟೇಬಲ್ ಕಚೇರಿಯವರು. ನಮ್ಮ ಪೇದೆ ಅಂದುಕೊಳ್ಳಬೇಡಿ, ಇಲ್ಲಿ ಕಾನ್‌ಸ್ಟೇಬಲ್ ಕೂಡ ಓಟು ಪಡೆದು ಗೆದ್ದವರು! ಕಾಗದ ತಲುಪಿದ ಮೇಲೆ ಮಾಲೀಕರಿಗೆ ಉತ್ತರ ಕೊಡಲು 14 ದಿನ.

ವಿಚಾರಣೆಯ ದಿನ ಏನೇನು ಒಯ್ಯಬೇಕು ಅಂದರೆ, ಮನೆಗೆ ಸೇರಿದ ದಿನದ ಮತ್ತು ಬಿಟ್ಟ ದಿನದ ಫೋಟೊಗಳು, ಕರಾರು ಪತ್ರ, ಅಂಚೆ ರಸೀದಿ, ಮೇಲ್‌ಗಳ ಪ್ರಿಂಟು. ಮೂರು ಪ್ರತಿ ಮಾಡಿಸಿ. ಫೋನ್ ಎತ್ತಿ ತೋರಿಸುತ್ತೇನೆ ಅಂತ ಹೋಗಬೇಡಿ, ಜಡ್ಜ್ ಕಣ್ಣು ಕಿರಿದು ಮಾಡಿಕೊಂಡು ನೋಡುವಷ್ಟರಲ್ಲಿ ಪರದೆ ಆರಿಹೋಗಿರುತ್ತದೆ. ಅಲ್ಲಿ ವಾದ ಮಾಡುವುದು ಬೇಡ, ಏನಾಯಿತೋ ಅದನ್ನು ದಿನಾಂಕದ ಪ್ರಕಾರ ಹೇಳಿ. ಅರ್ಧ ಗಂಟೆಯಲ್ಲಿ ಮುಗಿದರೂ ಆಶ್ಚರ್ಯವಿಲ್ಲ. ವಾಯಿದೆ ಮೇಲೆ ವಾಯಿದೆ ನೋಡಿ ಬೆಳೆದ ನಮಗೆ ಇದೇ ನಂಬಲು ಆಗಲ್ಲ.

ಸೋತರೆ 21 ದಿನದೊಳಗೆ ಕೌಂಟಿ ಕೋರ್ಟಿಗೆ ಅಪೀಲು. ಅಲ್ಲಿ ಕೆಳಗಿನ ತೀರ್ಪನ್ನು ತಿದ್ದುವುದಲ್ಲ, ಇಡೀ ಕೇಸು ಮೊದಲಿನಿಂದ ಶುರು. ಮನೆ ಖಾಲಿ ಮಾಡಿಸುವ ಕೇಸಾದರೆ ಅಪೀಲಿಗೆ ಇರುವುದು 5 ದಿನ ಮಾತ್ರ, ಗೆಳೆಯರಿಗೂ ಹೇಳಿಡಿ.

ಪ್ರಶ್ನೆ: ನನ್ನ ತಂಗಿ ಪ್ಲೇನೋದಲ್ಲಿ ಅಂಗಡಿಯ ಸೆಲ್ಫ್ ಚೆಕೌಟ್‌ನಲ್ಲಿ 120 ಡಾಲರ್ ಸಾಮಾನು ಸ್ಕ್ಯಾನ್ ಮಾಡದೆ ಹೊರಗೆ ಬಂದಳು ಅಂತ ಕೇಸು ಹಾಕಿದ್ದಾರೆ. ಮರೆತೆ ಅಂತಾಳೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡೋಣ ಅಂತ ಭಾವ ಹೇಳುತ್ತಿದ್ದಾರೆ.
– ಓದುಗರು, ಮೈಸೂರು

ಬೇಡ. ಭಾವನವರಿಗೆ ಇವತ್ತೇ ಫೋನ್ ಮಾಡಿ ತಡೆಯಿರಿ.

ಕಳುವಿನ ಮಾಲು 100 ಡಾಲರಿಗಿಂತ ಕಡಿಮೆ ಇದ್ದರೆ ಅದು ಕ್ಲಾಸ್ ಸಿ, ಅಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆಯ ಅಪರಾಧ, 500 ಡಾಲರ್ ತನಕ ದಂಡ, ಜೆಪಿ ಅಥವಾ ಮುನಿಸಿಪಲ್ ಕೋರ್ಟು. 100 ದಾಟಿದರೆ ಕ್ಲಾಸ್ ಬಿ, 180 ದಿನದ ತನಕ ಜೈಲು ಮತ್ತು 2,000 ಡಾಲರ್ ತನಕ ದಂಡ. ಆಗ ಕೇಸು ಕೌಂಟಿ ಕೋರ್ಟ್ ಅಟ್ ಲಾಗೆ ಹೋಗುತ್ತದೆ. ಕಾಲಿನ್ ಕೌಂಟಿಯಾದರೆ ಮೆಕಿನ್ನಿ ಊರಿನಲ್ಲಿ. ಇಪ್ಪತ್ತು ಡಾಲರ್ ವ್ಯತ್ಯಾಸಕ್ಕೆ ಕೋರ್ಟೇ ಬದಲಾಗುತ್ತದೆ ನೋಡಿ.

ಆದರೆ ನಿಮ್ಮ ತಂಗಿ ವೀಸಾದಲ್ಲಿದ್ದರೆ ಜೈಲು, ದಂಡಕ್ಕಿಂತ ಹೆದರಬೇಕಾದ್ದು ಬೇರೆ ಇದೆ. ಕಳ್ಳತನವನ್ನು ವಲಸೆ ಕಾನೂನು ನೀತಿಗೆಟ್ಟ ಅಪರಾಧ ಅಂತ ನೋಡುತ್ತದೆ. "ತಪ್ಪು ಒಪ್ಪಲ್ಲ, ವಾದವನ್ನೂ ಮಾಡಲ್ಲ" ಅನ್ನುವ ನೋ ಕಾಂಟೆಸ್ಟ್ ಹೇಳಿಕೆ ಇಲ್ಲಿ ಬಹಳ ಜನ ಕೊಡುತ್ತಾರೆ. ವಲಸೆ ಇಲಾಖೆಯ ಕಣ್ಣಿಗೆ ಅದೂ ಅಪರಾಧ ಸಾಬೀತಾದ ಹಾಗೇ. ಸನ್ನಡತೆ ಅವಧಿ ಮುಗಿಸಿದರೆ ಕೇಸು ವಜಾ ಆಗುವ ಡಿಫರ್ಡ್ ಅಡ್ಜುಡಿಕೇಷನ್ ಇದೆಯಲ್ಲ, ಟೆಕ್ಸಾಸಿನ ಲೆಕ್ಕದಲ್ಲಿ ಅದು ಅಪರಾಧ ಸಾಬೀತಾದ ಹಾಗಲ್ಲ, ವಲಸೆ ಲೆಕ್ಕದಲ್ಲಿ ಸಾಬೀತಾದ ಹಾಗೇ. ಸ್ಥಳೀಯ ವಕೀಲರೇ ಕೆಲವು ಸಲ ಇದನ್ನು ಮರೆತು "ಸೈನ್ ಮಾಡಿ, ಏನೂ ಆಗಲ್ಲ" ಅಂತಾರೆ.

ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ವಕೀಲರನ್ನೂ ಕೇಳಿ, ಇಬ್ಬರೂ ಒಪ್ಪಿದ ಮೇಲೆ ಮಾತ್ರ ಸಹಿ. ಅಲ್ಲಿಯವರೆಗೆ ಕೋರ್ಟಿನ ಒಂದು ತಾರೀಕನ್ನೂ ತಪ್ಪಿಸಬಾರದು, ತಪ್ಪಿಸಿದರೆ ವಾರಂಟ್. ಮತ್ತೆ, ತಂಗಿ ರಜಕ್ಕೆ ಮೈಸೂರಿಗೆ ಬರುವ ಟಿಕೆಟ್ ಮಾಡಿಸಿದ್ದರೆ ಆ ವಿಷಯವನ್ನೂ ವಲಸೆ ವಕೀಲರಿಗೆ ಮೊದಲೇ ಹೇಳಲಿ.