ಓದುಗರ ಪ್ರಶ್ನೆ: ಮಂಗಳನಲ್ಲಿ ಜೀವ 1976ರಲ್ಲೇ ಸಿಕ್ಕಿತ್ತಾ?

ಪ್ರಶ್ನೆ: ವೈಕಿಂಗ್ ನೌಕೆಗಳಿಗೆ 1976ರಲ್ಲೇ ಮಂಗಳನ ಮಣ್ಣಿನಲ್ಲಿ ಸೂಕ್ಷ್ಮಜೀವಿ ಸಿಕ್ಕಿತ್ತು, ನಾಸಾ ಅದನ್ನು ಮುಚ್ಚಿಟ್ಟಿತು ಅಂತಾರೆ. ನಿಜವೇ?

ಉತ್ತರ: ಮುಚ್ಚಿಟ್ಟಿತು ಅನ್ನುವುದು ಸುಳ್ಳು. ಫಲಿತಾಂಶಗಳೆಲ್ಲ ಆಗಲೇ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಜಗಳ ಇರುವುದು ಅವುಗಳ ಅರ್ಥದ ಬಗ್ಗೆ. ನಾನು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಹಾಗಾಗಿ ಈ ಜಗಳ ನನಗೆ ತುಂಬಾ ಇಷ್ಟ. ಉತ್ತರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಜಗಳದ ಮೂಲ ವೈಕಿಂಗ್ ನೌಕೆಗಳಲ್ಲಿದ್ದ ಒಂದು ಪ್ರಯೋಗ. ವಿಜ್ಞಾನಿಗಳಾದ ಗಿಲ್ಬರ್ಟ್ ಲೆವಿನ್ ಮತ್ತು ಪೆಟ್ರೀಷಿಯಾ ಸ್ಟ್ರಾಟ್ ಅವರ ಆ ಪ್ರಯೋಗ ಬಲು ಸರಳ. ಚೂರು ಮಣ್ಣು, ಅದಕ್ಕೆ ಒಂದೆರಡು ಹನಿ ಪೋಷಕ ದ್ರಾವಣ. ದ್ರಾವಣದ ಪೋಷಕಗಳಲ್ಲಿ ಗುರುತಿಗೆಂದು ಸೇರಿಸಿದ್ದು ವಿಕಿರಣ ಸೂಸುವ ಇಂಗಾಲ-14. ಮಣ್ಣಿನಲ್ಲಿ ಜೀವಿಗಳಿದ್ದರೆ ಅದನ್ನು ತಿಂದು ಅನಿಲ ಬಿಡಬೇಕು, ಆ ಅನಿಲವೂ ವಿಕಿರಣ ಸೂಸಬೇಕು.

ಸೂಸಿತು! ಎರಡು ನೌಕೆಗಳು ಇಳಿದ ಜಾಗಗಳ ನಡುವೆ ಸುಮಾರು 6,500 ಕಿ.ಮೀ. ದೂರ, ಎರಡೂ ಕಡೆ ಅದೇ ಕಥೆ. ಮಣ್ಣನ್ನು ಮೊದಲೇ 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೋಡಿದಾಗ ಅನಿಲ ಹೆಚ್ಚುಕಡಿಮೆ ನಿಂತೇ ಹೋಯಿತು. ಸುಮಾರು 50 ಡಿಗ್ರಿಗೆ ಕಾಯಿಸಿದಾಗಲೂ ಚೆನ್ನಾಗಿಯೇ ತಗ್ಗಿತು. ಅಷ್ಟು ಕಮ್ಮಿ ಬಿಸಿಗೆ ಸೋಲುವುದು ಜೀವಿಯೇ ಅಂತ ಲೆವಿನ್ ವಾದಿಸುತ್ತಿದ್ದರು. 2021ರಲ್ಲಿ ತೀರಿಕೊಳ್ಳುವವರೆಗೂ ಪಟ್ಟು ಬಿಡಲಿಲ್ಲ.

ನನ್ನ ಅನುಮಾನ ಶುರುವಾಗುವುದು ಎರಡನೇ ಸಲ ಹಾಕಿದ ಹನಿಯಲ್ಲಿ. ಕೆಲವು ದಿನ ಬಿಟ್ಟು ಅದೇ ಮಣ್ಣಿಗೆ ಮತ್ತೆ ದ್ರಾವಣ ಹಾಕಿದರು. ಬ್ಯಾಕ್ಟೀರಿಯಾ ಬೆಳೆಸಿದವರಿಗೆ ಗೊತ್ತು, ಒಮ್ಮೆ ತಿಂದು ಹೆಚ್ಚಿಕೊಂಡವು ಎರಡನೇ ಊಟಕ್ಕೆ ಮುಗಿಬೀಳುತ್ತವೆ. ಅನಿಲ ಜೋರಾಗಿ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಇದ್ದ ಅನಿಲವೇ ಸುಮಾರು ಶೇ. 20ರಷ್ಟು ಇಳಿಯಿತು. ಅದೇ ನೌಕೆಯ ಇನ್ನೊಂದು ಪ್ರಯೋಗದಲ್ಲಿ ಮಣ್ಣಿಗೆ ಬರೀ ತೇವ ತಾಗಿದ್ದಕ್ಕೇ ಆಮ್ಲಜನಕ ಹೊರಬಂತು. ಚೆನ್ನಾಗಿ ಕಾಯಿಸಿದ ಮಣ್ಣಿನಿಂದಲೂ ಬಂತು! ಇಂಥದ್ದು ರಾಸಾಯನಿಕದ ಕೆಲಸ.

ಪ್ರಶ್ನೆ: ಆ ಮಣ್ಣಿನಲ್ಲಿ ಸಾವಯವ ವಸ್ತುವೇ (ಜೀವಕ್ಕೆ ಬೇಕಾದ ಇಂಗಾಲದ ಸಂಯುಕ್ತಗಳು) ಇರಲಿಲ್ಲವಂತೆ. ಮತ್ತೆ ಜೀವದ ಮಾತು ಯಾಕೆ?

ಉತ್ತರ: ಆ ವಾದ ಈಗ ನಿಲ್ಲುವುದಿಲ್ಲ. ವೈಕಿಂಗ್ ಮಣ್ಣನ್ನು ಕಾಯಿಸಿ, ಹೊರಬಂದ ಆವಿಯಲ್ಲಿ ಸಾವಯವ ಅಣುಗಳನ್ನು ಹುಡುಕಿತ್ತು. ಕ್ಲೋರಿನ್ ಇರುವ ಒಂದೆರಡು ಸರಳ ಸಂಯುಕ್ತ ಬಿಟ್ಟರೆ ಏನೂ ಸಿಗಲಿಲ್ಲ. ಅವೂ ಭೂಮಿಯಿಂದಲೇ ಅಂಟಿಕೊಂಡು ಹೋದದ್ದು ಅಂತ ತಳ್ಳಿಹಾಕಿದರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣ ಕಂಡಿತು. ಇದು ತಣ್ಣಗಿದ್ದಾಗ ಸುಮ್ನೆ ಇರುತ್ತದೆ, ಕಾಯಿಸಿದರೆ ಸಾವಯವ ವಸ್ತುವನ್ನು ಸುಟ್ಟುಹಾಕುತ್ತದೆ. ಅಂದರೆ ಹುಡುಕುವ ಭರದಲ್ಲಿ ಹುಡುಕುತ್ತಿದ್ದದ್ದನ್ನೇ ಸುಟ್ಟಿರಬಹುದು! ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್‌ಕ್ಲೋರೇಟ್ ಬೆರೆಸಿ ಕಾಯಿಸಿದಾಗ ಅಂಥದ್ದೇ ಕ್ಲೋರಿನ್ ಸಂಯುಕ್ತಗಳು ಬಂದವು.

ಆದರೆ ಲೆವಿನ್ ಕಡೆಯವರು ಕುಣಿಯುವ ಹಾಗಿಲ್ಲ. ಪರ್‌ಕ್ಲೋರೇಟ್ ಮೇಲೆ ವಿಕಿರಣ ಬಿದ್ದರೆ ಹೈಪೋಕ್ಲೋರೈಟ್‌ನಂಥ, ಬೇರೆ ವಸ್ತುಗಳೊಡನೆ ಬೇಗ ವರ್ತಿಸುವ ಚುರುಕು ವಸ್ತುಗಳು ಹುಟ್ಟುತ್ತವೆ. ವೈಕಿಂಗ್ ಕಂಡ ಅನಿಲಕ್ಕೆ ಅವೇ ಕಾರಣ ಆಗಿರಬಹುದು ಅಂತ 2013ರಲ್ಲಿ ತೋರಿಸಿದ್ದಾರೆ. ಕ್ಯೂರಿಯಾಸಿಟಿ ರೋವರ್ ಮಂಗಳನ ಗೇಲ್ ಕುಳಿಯಲ್ಲಿ ಸಾವಯವ ಅಣುಗಳನ್ನು ಕಂಡದ್ದು ನಿಜ. ಆದರೆ ಅಂಥವನ್ನು ಉಲ್ಕೆಗಳೂ ತಂದು ಹಾಕುತ್ತವೆ.

ಪ್ರಶ್ನೆ: ಚಿರತೆ ಚುಕ್ಕೆಯ ಬಂಡೆ ಸಿಕ್ಕಿತು ಅಂತ ಸುದ್ದಿ ಬಂತಲ್ಲ, ಅದೇನು?

ಉತ್ತರ: ಜುಲೈ 2024ರಲ್ಲಿ ಪರ್ಸಿವಿಯರೆನ್ಸ್ ರೋವರ್ ಕಂಡ ಬಂಡೆ ಅದು, ಹೆಸರು ಚೇಯಾವಾ ಫಾಲ್ಸ್. ಕೆಂಪು ಕೆಸರುಗಲ್ಲಿನ ಮೇಲೆ ತಿಳಿಬಣ್ಣದ ಚುಕ್ಕೆ, ಸುತ್ತ ಕಪ್ಪು ಅಂಚು. ಚುಕ್ಕೆಗಳಲ್ಲಿ ಇರುವುದು ಕಬ್ಬಿಣದ ಫಾಸ್ಫೇಟ್ ಮತ್ತು ಸಲ್ಫೈಡ್ ಖನಿಜಗಳು ಅಂತ ಊಹೆ. ಭೂಮಿಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಇಂಥ ಖನಿಜಗಳನ್ನು ಮಾಡುತ್ತವೆ. ಜೀವ ಇಲ್ಲದೆಯೂ ಆಗಬಹುದು, ಆದರೆ ಸಾಮಾನ್ಯವಾಗಿ ಜಾಸ್ತಿ ಬಿಸಿ ಬೇಕು. ಈ ಬಂಡೆ ಅಷ್ಟು ಕಾದ ಗುರುತು ಕಾಣುತ್ತಿಲ್ಲ. ಸೆಪ್ಟೆಂಬರ್ 2025ರ ಪ್ರಬಂಧ ಇದನ್ನು 'ಸಂಭಾವ್ಯ ಜೈವಿಕ ಕುರುಹು' ಅಂದಿದೆ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ಕೊರೆದ ತುಣುಕು ಕೊಳವೆಯಲ್ಲಿ ಭದ್ರವಾಗಿದೆ. ಭೂಮಿಗೆ ತಂದು ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಳೆಯಬೇಕು. ಅಲ್ಲಿಯವರೆಗೆ ಪಣ ಕಟ್ಟಲೇಬೇಕು ಅಂದರೆ, ವೈಕಿಂಗ್ ಮಣ್ಣಿಗಿಂತ ಈ ಬಂಡೆಗೇ ಕಟ್ಟುತ್ತೇನೆ.